ಸೇತುವೆ ಕುಸಿದದ್ದು ಯಾಕೆ?

ಓದುಗರೊಬ್ಬರು ಬರೆಯುತ್ತಾರೆ: ‘ನಾನು ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ಕಥೆಯಾಟ ಆಡಿಸುತ್ತೇನೆ. ಕಥೆಯ ಲೋಕದಲ್ಲಿ ಏನಾಗುತ್ತಿದೆ ಅಂತ ನಾನು ಹೇಳುತ್ತೇನೆ, ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಅವರು ಹೇಳುತ್ತಾರೆ. ಡಕಾಯಿತರ ಕೋಟೆಯ ನಕ್ಷೆಯನ್ನು ಕಷ್ಟಪಟ್ಟು ಬರೆದಿದ್ದೆ. ಅವರು ಕೋಟೆ ಬಿಟ್ಟು ಹೊಳೆಯಾಚೆಯ ಊರಿಗೆ ಹೊರಟರು. ಸೇತುವೆ ಕುಸಿಯಿತು ಅಂದೆ. ಕೋಟೆಗೆ ಬಂದರು, ಆದರೆ ಎಲ್ಲರ ಮುಖ ಸಪ್ಪೆ. ನನ್ನ ಶ್ರಮಕ್ಕೆ ಬೆಲೆ ಇಲ್ವಾ?’

ಸಂಪಾದಕರ ಉತ್ತರ: ಬೆಲೆ ಖಂಡಿತ ಇದೆ. ಆದರೆ ಸೇತುವೆ ಮಳೆಗೆ ಬಿದ್ದಿದ್ದಲ್ಲ, ನಿಮ್ಮ ನಕ್ಷೆಗೋಸ್ಕರ ಬಿದ್ದಿದ್ದು ಅಂತ ಗೆಳೆಯರಿಗೆ ಗೊತ್ತಾಗಿಬಿಟ್ಟಿದೆ. ಇಂಥದ್ದರ ವಾಸನೆ ಆಟಗಾರರಿಗೆ ಬೇಗ ಹತ್ತುತ್ತದೆ.

ನಿಮಗಾದದ್ದು ಹೊಸದೇನಲ್ಲ. ಆಡಿಸುವವರ ಯೋಜನೆ ಬಿಟ್ಟು ಆಟಗಾರರು ತಮ್ಮ ದಾರಿ ಹಿಡಿದದ್ದರಲ್ಲೇ ಈ ಬಗೆಯ ಆಟದ ಮೂಲ ಇದೆ. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಒಂದು ಯುದ್ಧದಾಟ ಏರ್ಪಡಿಸಿದರು. ನೆಪೋಲಿಯನ್ ಕಾಲ, ಬ್ರೌನ್‌ಸ್ಟೈನ್ ಅನ್ನುವ ಕಲ್ಪನೆಯ ಜರ್ಮನ್ ಊರು. ಸೇನಾಧಿಕಾರಿಗಳ ಜೊತೆಗೆ ಮೇಯರ್, ಬ್ಯಾಂಕರ್ ಇಂಥ ಪಾತ್ರಗಳನ್ನೂ ಹಂಚಿದರು. ಯುದ್ಧ ಬದಿಗೇ ಉಳಿಯಿತು. ಆಟಗಾರರು ತಮ್ಮತಮ್ಮಲ್ಲೇ ಒಳಸಂಚು ಶುರು ಮಾಡಿದರು, ಇಬ್ಬರು ದ್ವಂದ್ವಯುದ್ಧಕ್ಕೇ ಇಳಿದರು. ಆಟ ಕೆಟ್ಟಿತು ಅಂದುಕೊಂಡರು ವೆಸ್ಲಿ. ಆಡಿದವರು ಮಾತ್ರ ಇನ್ನೊಮ್ಮೆ ಆಡಿಸಿ ಅಂತ ದುಂಬಾಲು ಬಿದ್ದರು! ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ ರೂಪಿಸಿದ್ದೇ, 1974ರಲ್ಲಿ ಬಂದ ನಿಮ್ಮ ಆಟ.

ತಯಾರಿ ಬೇಡ ಅನ್ನುತ್ತಿಲ್ಲ. ಮುಂದೇನಾಗಬೇಕು ಅಂತ ಬರೆಯುವ ಬದಲು, ಈಗ ಏನು ನಡೆಯುತ್ತಿದೆ ಅಂತ ಬರೆದಿಟ್ಟುಕೊಳ್ಳಿ. ಡಕಾಯಿತರ ನಾಯಕನಿಗೆ ಏನು ಬೇಕು? ಯಾರೂ ತಡೆಯದಿದ್ದರೆ ಅವನು ಏನು ಮಾಡುತ್ತಾನೆ? ಗೆಳೆಯರು ಊರಿನ ಸಂತೆಯಲ್ಲಿರುವಾಗ, ಇತ್ತ ಹಳ್ಳಿಗೆ ಬೆಂಕಿ ಬಿದ್ದ ಸುದ್ದಿ ಬರಲಿ. ಆದರೆ ಅದು ಮಾತು ಕೇಳದ್ದಕ್ಕೆ ಕೊಟ್ಟ ಶಿಕ್ಷೆಯ ಹಾಗೆ ಕಾಣಬಾರದು. ಡಕಾಯಿತರು ಎಣ್ಣೆ ಪೀಪಾಯಿ ಸಾಗಿಸುತ್ತಿದ್ದಾರೆ ಅನ್ನುವ ಸುಳಿವು ಹೊರಡುವ ಮೊದಲೇ ಸಿಕ್ಕಿರಬೇಕು. ಏನೂ ಗೊತ್ತಿಲ್ಲದೆ ಎಡಕ್ಕೋ ಬಲಕ್ಕೋ ತಿರುಗಿದರೆ ಅದನ್ನು ಆಯ್ಕೆ ಅನ್ನಲಾಗದು.

ಯಾವ ದಾರಿ ಹಿಡಿದರೂ ಅದೇ ರಾಕ್ಷಸನನ್ನು ಎದುರಿಗೆ ನಿಲ್ಲಿಸಿ, ಅವರಿಗೇನು ಗೊತ್ತಾಗುತ್ತದೆ ಅನ್ನುವವರೂ ಇದ್ದಾರೆ. ನನಗೆ ಇದು ಹಿಡಿಸುವುದಿಲ್ಲ. ಅರ್ಧ ಗಂಟೆ ವಾದ ಮಾಡಿ, ರಾಕ್ಷಸನ ಹೆಜ್ಜೆಗುರುತು ನೋಡಿ, ಬೇಕಂತಲೇ ಕಾಡುದಾರಿ ಹಿಡಿದವರಿಗೆ ಅವನನ್ನೇ ತಂದು ನಿಲ್ಲಿಸಿದರೆ ಆ ಅರ್ಧ ಗಂಟೆ ಸುಮ್ನೆ ಹಾಳು.

ಒಂದು ಸುಲಭದ ದಾರಿ ಇದೆ. ಪ್ರತಿ ಸಲ ಆಟ ಮುಗಿಸುವಾಗ ‘ಮುಂದಿನ ಸಲ ಎಲ್ಲಿಗೆ ಹೋಗ್ತೀರಿ?’ ಅಂತ ಕೇಳಿ, ಅದಕ್ಕಷ್ಟೇ ತಯಾರಾಗಿ. ಮಧ್ಯದಲ್ಲಿ ಮನಸ್ಸು ಬದಲಿಸಿದರೆ ಕಾಫಿಗೆ ಹತ್ತು ನಿಮಿಷ ಬಿಡಿ. ಹೊಸ ಊರಿಗೆ ಎರಡು ಹೆಸರು, ಒಂದು ಜಗಳ ಹುಟ್ಟಿಸಲು ಅಷ್ಟು ಹೊತ್ತು ಸಾಕು.