ರಂಗ ಪ್ರಶ್ನೋತ್ತರ: ತಿರುಗಾಟದ ನಾಟಕ, ನಿರ್ದೇಶಕಿಯ ಕೆಲಸ

ಪ್ರಶ್ನೆ: ರಂಗಶಿಕ್ಷಣದ ಒಂದು ವರ್ಷದ ಡಿಪ್ಲೊಮಾ ಮುಗಿಸಿ, ರೆಪರ್ಟರಿಯೊಂದರಲ್ಲಿ (ಕಾಯಂ ನಟರಿರುವ ನಾಟಕ ತಂಡದಲ್ಲಿ) ಎರಡು ವರ್ಷದಿಂದ ನಟಿಯಾಗಿದ್ದೇನೆ. ನಿರ್ದೇಶನ ಕೇಳಿದರೆ ‘ವಸ್ತ್ರ ನೋಡಿಕೊಳ್ಳಿ, ಇಲ್ಲವೇ ಮಕ್ಕಳ ನಾಟಕ ಮಾಡಿಸಿ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಮಕ್ಕಳ ನಾಟಕ ಸಿಕ್ಕರೆ ಬಿಡಬೇಡಿ. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದ್ದು ಸಣ್ಣ ಕೆಲಸವಲ್ಲ. ಮೂವತ್ತು ಮಕ್ಕಳನ್ನು ಡಿಕ್ಕಿಯಾಗದಂತೆ ರಂಗಕ್ಕೆ ತಂದು ಹೊರಗೆ ಕಳಿಸಲು ಕಲಿತವರಿಗೆ ಗುಂಪಿನ ದೃಶ್ಯ ಭಯ ಹುಟ್ಟಿಸುವುದಿಲ್ಲ. ಆದರೆ ಅಲ್ಲೇ ನಿಲ್ಲಿಸಿಬಿಡುತ್ತಾರೆ ಎಂಬ ನಿಮ್ಮ ಅಳುಕು ನ್ಯಾಯವಾದದ್ದು. ಆರ್. ನಾಗರತ್ನಮ್ಮನವರು 1958ರಲ್ಲೇ ಹೆಂಗಸರದ್ದೇ ಕಂಪನಿ ಕಟ್ಟಿ ಗಂಡು ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು. ಬಿ. ಜಯಶ್ರೀ ಅವರು ಸ್ಪಂದನ ತಂಡ ಕಟ್ಟಿ ಬೆಳೆಸಿದರು, ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕರಾದರು. ಇಷ್ಟಾದ ಮೇಲೂ ಹೆಣ್ಣುಮಕ್ಕಳು ಈ ಮಾತು ಕೇಳಬೇಕಾಗಿರುವುದು ಸರಿಯಲ್ಲ.

ಮುಂದಿನ ನಾಟಕಕ್ಕೆ ಸಹಾಯಕ ನಿರ್ದೇಶಕಿಯ ಜಾಗವನ್ನು ಬಾಯಿಮಾತಿನಲ್ಲಲ್ಲ, ಬರೆದು ಕೇಳಿ. ಸಿಕ್ಕ ದಿನದಿಂದ ನಿರ್ದೇಶನ ಪ್ರತಿ, ಅಂದರೆ ನಟರ ನಡೆ, ಬೆಳಕು, ಸಂಗೀತವನ್ನೆಲ್ಲ ಗುರುತು ಹಾಕಿಕೊಳ್ಳುವ ನಾಟಕದ ಪ್ರತಿ, ನಿಮ್ಮ ಕೈಯಲ್ಲಿರಲಿ. ಬಲಪುಟದಲ್ಲಿ ಮಾತು, ಎಡಪುಟ ಖಾಲಿ. ಆ ಖಾಲಿ ಪುಟದಲ್ಲಿ ರಂಗದ ಪುಟ್ಟ ನಕ್ಷೆ ಬರೆದು ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆದರು ಎಂದು ಬಾಣ ಹಾಕಿ. ಬೆಳಕು ಬದಲಾಗುವ ಕಡೆ ಹಾಕುವ ಸಂಖ್ಯೆ ಕೆಂಪು, ಸಂಗೀತದ್ದು ನೀಲಿ. ನಡೆ ಎಲ್ಲವೂ ಪೆನ್ಸಿಲಿನಲ್ಲಿರಲಿ; ಮೊದಲ ವಾರದ ನಡೆಗಳಲ್ಲಿ ಬಹುಪಾಲು ಬದಲಾಗುತ್ತವೆ. ರೆಪರ್ಟರಿಯಲ್ಲಿ ಮೊದಲ ಪ್ರದರ್ಶನವಾದ ಮೇಲೆ ನಿರ್ದೇಶಕರು ಹೊರಟುಬಿಡುತ್ತಾರೆ, ನಾಟಕ ಮಾತ್ರ ತಿಂಗಳುಗಟ್ಟಲೆ ಊರೂರು ತಿರುಗುತ್ತದೆ. ನಡುವೆ ನಟರೊಬ್ಬರು ಜ್ವರ ಬಂದು ಮಲಗಿದರೆ ಬದಲಿ ನಟನಿಗೆ ಒಂದೇ ಮಧ್ಯಾಹ್ನದಲ್ಲಿ ನಡೆ ಹೇಳಿಕೊಡುವವರು ಆ ಪ್ರತಿ ಇಟ್ಟುಕೊಂಡವರೇ. ನಿಮ್ಮ ಮೇಲೆ ತಂಡಕ್ಕೆ ನಂಬಿಕೆ ಹುಟ್ಟುವುದು ಅಂಥ ಮಧ್ಯಾಹ್ನ.

ಪ್ರಶ್ನೆ: ನಾನು ನಿರ್ದೇಶಿಸಿದ ನಾಟಕ ಮೊದಲ ದಿನ 95 ನಿಮಿಷವಿತ್ತು. ಇಪ್ಪತ್ತನೇ ಪ್ರದರ್ಶನ ನೋಡಿದಾಗ 110 ನಿಮಿಷವಾಗಿ ಸಡಿಲಾಗಿತ್ತು. ಪರವೂರಿನಲ್ಲಿ ದೀಪಗಳೂ ಕೈಕೊಡುತ್ತವೆ.
– ಓದುಗರು, ಧಾರವಾಡ

ಉತ್ತರ: ನಟರನ್ನು ಬೈಯುವ ಮೊದಲು ದೃಶ್ಯವಾರು ಗಡಿಯಾರ ಹಿಡಿಸಿ. ರಂಗವ್ಯವಸ್ಥಾಪಕರು ಪ್ರತಿ ಪ್ರದರ್ಶನದಲ್ಲೂ ಒಂದೊಂದು ದೃಶ್ಯದ ನಿಮಿಷ ಬರೆದಿಟ್ಟರೆ ಹದಿನೈದು ನಿಮಿಷ ಎಲ್ಲಿ ಸೇರಿತು ಎಂದು ಮೂರೇ ಪ್ರದರ್ಶನದಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಎರಡು ಕಡೆ ಇರುತ್ತದೆ. ಒಂದು, ನಗು ಬಂದ ಕಡೆ: ನಿನ್ನೆ ನಕ್ಕರೆಂದು ಇವತ್ತೂ ಕಾಯುತ್ತಾರೆ, ಮೇಲೊಂದು ಮಾತು ಸೇರಿಸುತ್ತಾರೆ. ಇನ್ನೊಂದು, ರಂಗಸಜ್ಜಿಕೆ ಬದಲಿಸುವ ಕತ್ತಲು. ತಾಲೀಮಿನಲ್ಲಿ 20 ಸೆಕೆಂಡಿಗೆ ಮುಗಿದದ್ದು ಸೈಡ್‌ವಿಂಗ್ (ರಂಗದ ಪಕ್ಕದ ಮರೆಯ ಜಾಗ) ಇಕ್ಕಟ್ಟಾದ ಊರಲ್ಲಿ ಒಂದು ನಿಮಿಷ ತಿನ್ನುತ್ತದೆ. ಹಾಗಾಗಿ ಮೊದಲ ದಿನವೇ, ನೀವು ಹೋಗಲಿರುವ ಅತಿ ಚಿಕ್ಕ ರಂಗದ ಅಳತೆಯನ್ನು, 24 ಅಡಿಗೆ 18 ಅಡಿ ಅಂದುಕೊಳ್ಳಿ, ತಾಲೀಮಿನ ನೆಲದ ಮೇಲೆ ಟೇಪು ಅಂಟಿಸಿ ಗುರುತು ಮಾಡಿ. ಅದರೊಳಗೆ ಕಟ್ಟಿದ ನಾಟಕವನ್ನು ದೊಡ್ಡ ರಂಗಕ್ಕೆ ಹರಡಬಹುದು. ದೊಡ್ಡದರಲ್ಲಿ ಕಟ್ಟಿದ್ದನ್ನು ಕುಗ್ಗಿಸಿದರೆ ಪ್ರವೇಶಗಳೆಲ್ಲ ಮುರಿದುಬೀಳುತ್ತವೆ.

ದೀಪದ ತೊಂದರೆ ಬಹುತೇಕ ಲೆಕ್ಕದ್ದು. 15 ಆಂಪಿಯರಿನ ಒಂದು ಪ್ಲಗ್ಗಿಗೆ 1000 ವಾಟಿನ ಮೂರು ದೀಪ, ಅಷ್ಟೇ. ನಾಲ್ಕನೆಯದು ಹಾಕಿದರೆ 17 ಆಂಪಿಯರ್ ದಾಟುತ್ತದೆ, ಫ್ಯೂಸ್ ಹೋಗುತ್ತದೆ, ಇಲ್ಲವೇ ವೈರು ಕಾದು ಪ್ಲಗ್ ಕರಗುತ್ತದೆ. ಹನ್ನೆರಡು ದೀಪದ ವಿನ್ಯಾಸದ ಜೊತೆಗೆ ಆರು ದೀಪದಲ್ಲೂ ನಡೆಯುವ ಇನ್ನೊಂದು ವಿನ್ಯಾಸ ಬರೆದುಕೊಟ್ಟೇ ತಂಡವನ್ನು ಕಳಿಸಿ.

ಪ್ರಶ್ನೆ: ತಿರುಗಾಟದಲ್ಲಿ ಹೆಣ್ಣುಮಕ್ಕಳ ಅನುಕೂಲ ಕೇಳಿದರೆ ‘ಹೊಂದಿಕೊಳ್ಳಿ’ ಅನ್ನುತ್ತಾರೆ.
– ಓದುಗರು, ಚಿತ್ರದುರ್ಗ

ಉತ್ತರ: ಹೊಂದಿಕೊಳ್ಳಬೇಡಿ. ಸಂಘಟಕರಿಗೆ ಕಳಿಸುವ ಷರತ್ತಿನ ಪತ್ರದಲ್ಲಿ ರಂಗದ ಅಳತೆ, ವಿದ್ಯುತ್ತಿನ ಜೊತೆಗೇ ಒಳಗಿನಿಂದ ಚಿಲಕವಿರುವ ಪ್ರಸಾಧನ ಕೋಣೆ, ನೀರಿರುವ ಶೌಚಾಲಯ, ರಾತ್ರಿ ವಸತಿಗೆ ವಾಹನ ಎಂದೂ ಸೇರಿಸಿ. ಪತ್ರಕ್ಕೆ ಸಹಿ ಬಂದ ಮೇಲೆಯೇ ಆ ಊರಿನ ತಾರೀಖು ಖಾತ್ರಿಪಡಿಸಿ.