ಹೆಸರು ಸ್ವಲ್ಪ ದಿನ ಬಿಡಿ, ಸೂತಕ ಯಾರಿಗೆ ಅಂತ ಕೇಳಿ

ವಂಶವೃಕ್ಷ ಹುಡುಕುತ್ತಾ ಮುತ್ತಾತನ ಹೆಸರಿನ ತನಕ ಬಂದಿದ್ದೀರಿ, ಅದರ ಹಿಂದೆ ಯಾರು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ, ತಾಲ್ಲೂಕು ಕಚೇರಿಯಲ್ಲಿ ಹಳೇ ದಾಖಲೆ ಇಲ್ಲ ಅಂದರು, ಇನ್ನು ಮುಂದೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನೂ ಅದೇ ಜಾಗದಲ್ಲಿ ಎರಡು ವರ್ಷ ಕೂತಿದ್ದೆ. ನಮ್ಮದು ತುಮಕೂರು ಜಿಲ್ಲೆ, ಮಧುಗಿರಿ ಕಡೆ. ನಿಮ್ಮದು ಯಾವ ಕಡೆಯೋ ಬರೆದಿಲ್ಲ, ಹಾಗಾಗಿ ನನಗೆ ಆಗಿದ್ದನ್ನು ಹೇಳುತ್ತೇನೆ, ನಿಮಗೆ ಹೊಂದುವಷ್ಟು ತಗೊಳ್ಳಿ.

ಮೊದಲು ಕಚೇರಿ ವಿಷಯ. ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಅಂತ ಮೂರು ಸಲ ಅಲೆದ ಮೇಲೆ ನನಗೆ ಒಂದು ಹಿಂಬರಹ ಕೊಟ್ಟರು. ದಾಖಲೆ ಶಿಥಿಲವಾಗಿದೆ, ನಕಲು ಕೊಡಲು ಬರುವುದಿಲ್ಲ ಅಂತ. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ, ಸಿಟ್ಟಿಗೆ. ಆದರೆ ನಿಜ ಹೇಳಬೇಕೆಂದರೆ ನಾನು ಹೊರಟಿದ್ದೇ ತಪ್ಪು ಕಡೆಯಿಂದ. ಒಬ್ಬ ಮನುಷ್ಯನ ಹೆಸರು ಹಿಡಿದುಕೊಂಡು ಅವನ ಅಪ್ಪನ ಹೆಸರು ಎಲ್ಲಿದೆ ಅಂತ ಎಲ್ಲರನ್ನೂ ಪೀಡಿಸುತ್ತಿದ್ದೆ. ನಮ್ಮ ದೊಡ್ಡಮ್ಮನನ್ನು ಕೇಳಿದರೆ "ಅಯ್ಯೋ, ನಾನೇನ್ ಕಂಡಿದ್ನಾ" ಅಂತ ಹುಣಸೆಹಣ್ಣು ಬಿಡಿಸೋದಕ್ಕೆ ಶುರು ಮಾಡುತ್ತಿದ್ದರು.

ಒಂದು ದಿನ ಸುಮ್ನೆ ಬೇರೆ ಥರ ಕೇಳಿದೆ. "ದೊಡ್ಡಮ್ಮ, ಯಾರ ಮನೇಲಿ ಸತ್ತರೆ ನಮಗೆ ಸೂತಕ?" ಅಂತ. ಅಷ್ಟೇ ನೋಡಿ, ಕೈಬೆರಳು ಮಡಿಸುತ್ತಾ ಏಳು ಮನೆ ಎಣಿಸಿದರು. ಐದು ನನಗೆ ಗೊತ್ತಿದ್ದವು. ಇನ್ನೆರಡು ಮನೆ ಬೇರೆ ಊರಿನವು, ನಾನು ಹೆಸರೂ ಕೇಳಿರಲಿಲ್ಲ. ಹೋಗಿ ಬರೋದು ನಿಂತು ಮೂವತ್ತು ವರ್ಷದ ಮೇಲಾಗಿದೆ, ಯಾವುದೋ ಬದುವಿನ ಜಗಳ, ಆದರೂ "ಅವರ ಜೊತೆ ಕೊಟ್ಟು ತರೋ ಹಾಗಿಲ್ಲ, ಅಣ್ಣತಮ್ಮಂದಿರು" ಅಂದರು. ಹೆಸರು ಮರೆತರೂ ಇದನ್ನು ನಮ್ಮ ಜನ ಮರೆಯೋದಿಲ್ಲ, ಯಾಕೆಂದರೆ ಮದುವೆ ಮಾಡುವಾಗ, ಸಾವು ಆದಾಗ ಬೇಕಾಗುತ್ತದೆ. ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತಾರೆ ಅಂತಲೂ ಕೇಳಿ. ನಮ್ಮಲ್ಲಿ ಮೂರು ತಲೆಮಾರಿಗಿಂತ ಮೇಲೆ ಹೇಳುವುದಿಲ್ಲ, ಆದರೆ ಮಕ್ಕಳಿಲ್ಲದೆ ಸತ್ತವರ ಹೆಸರು ಅಲ್ಲಿ ಇರುತ್ತದೆ. ಅದು ಇನ್ನೆಲ್ಲೂ ಸಿಗುವುದಿಲ್ಲ.

ಆ ಎರಡು ಮನೆಗಳಲ್ಲಿ ಒಂದಕ್ಕೆ ಹೋದೆ. ಜಮೀನು ಕೇಳೋದಕ್ಕೆ ಬಂದಿದ್ದಾನೆ ಅಂತ ಅವರಿಗೆ ಅನುಮಾನ (ಇದು ನಿಮಗೂ ಆಗುತ್ತದೆ, ಖಂಡಿತ. ಮೊದಲೇ "ಪಾಲು ಬೇಡ, ಹೆಸರು ಬೇಕು" ಅಂತ ಹೇಳಿಬಿಡಿ, ವಕೀಲರ ಥರ ಫೈಲ್ ಹಿಡಿದುಕೊಂಡು ಹೋಗಬೇಡಿ). ಎರಡನೇ ಸಲ ಹೋದಾಗ ಅಟ್ಟದಿಂದ ಟ್ರಂಕು ಇಳಿಸಿದರು. ಅದರಲ್ಲಿ 1912ರ ಒಂದು ಭೋಗ್ಯಪತ್ರ, ಸಾಲಕ್ಕೆ ಜಮೀನು ಬಿಟ್ಟುಕೊಟ್ಟ ಪತ್ರ. ಮಡಿಕೆಯ ಗೆರೆಯಲ್ಲೆಲ್ಲಾ ಹರಿದು ನಾಲ್ಕು ತುಂಡಾಗಿತ್ತು. ನಮ್ಮ ಮುತ್ತಾತನ ಹೆಸರು ಇತ್ತು, ಇಂಥವರ ಮಗ ಅಂತ ಅಪ್ಪನ ಹೆಸರೂ ಇತ್ತು. ಕೆಳಗೆ ಹೆಬ್ಬೆಟ್ಟು. ನಾನು ಅಲ್ಲೇ ಕುಣಿಯೋದು ಬಾಕಿ.

ಮನೆಗೆ ಬಂದು ವಂಶವೃಕ್ಷದಲ್ಲಿ ಬರೆದೂ ಬಿಟ್ಟೆ. ತಪ್ಪಾಗಿತ್ತು.

ಆರು ತಿಂಗಳಾದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ 1938ರ ಒಂದು ಕ್ರಯಪತ್ರದ ನಕಲು ಸಿಕ್ಕಿತು. ಅದೇ ಊರು, ಅದೇ ಹೆಸರು, ಆದರೆ ಅಪ್ಪನ ಹೆಸರು ಬೇರೆ, ಮತ್ತೆ ಹೆಬ್ಬೆಟ್ಟಿನ ಬದಲು ಸಹಿ ಅಂತ ಇದೆ. 1912ರಲ್ಲಿ ಅಕ್ಷರ ಬಾರದವನು 1938ರ ಹೊತ್ತಿಗೆ ಬರೆಯೋದು ಕಲಿತು ಅಪ್ಪನನ್ನೂ ಬದಲಾಯಿಸಿಕೊಂಡನಾ? ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೆ ಹೊಳೆಯಿತು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ ಅಲ್ವಾ. ತಿಮ್ಮಣ್ಣನ ಮಗ ರಂಗಣ್ಣ, ರಂಗಣ್ಣನ ಮಗ ಮತ್ತೆ ತಿಮ್ಮಣ್ಣ. ಹೆಬ್ಬೆಟ್ಟು ಒತ್ತಿದವನು ತಾತ, ಸಹಿ ಹಾಕಿದವನು ಮೊಮ್ಮಗ. ಮೊಮ್ಮಗನೇ ನಮ್ಮ ಮುತ್ತಾತ. ನಾನು ಇಬ್ಬರನ್ನೂ ಒಬ್ಬನೇ ಅಂದುಕೊಂಡಿದ್ದೆ. ಅದು ಬಿಡಿಸಿದ ಕೂಡಲೇ ಒಂದು ಹೆಸರು ಬೇಕಿದ್ದ ಕಡೆ ಮೂರು ತಲೆ ಸಿಕ್ಕವು: ಮುತ್ತಾತನ ಅಪ್ಪ, ಆ ಅಪ್ಪನ ಅಪ್ಪ, ಅವನ ಅಪ್ಪ. ನಿಮ್ಮ ಮುತ್ತಾತ ನೂರಾ ಹತ್ತು ವರ್ಷ ಬದುಕಿದ್ದ ಹಾಗೆ ಕಂಡರೆ, ದಯವಿಟ್ಟು ಅವರನ್ನು ಇಬ್ಬರಾಗಿ ಕತ್ತರಿಸಿ ನೋಡಿ.

ಈ ನೋಂದಣಿ ಪತ್ರಗಳ ಬಗ್ಗೆ ಸ್ವಲ್ಪ ಹೇಳಬೇಕು, ಜನ ಅದನ್ನು ಬಿಟ್ಟು ಬರೀ ಪಹಣಿ ಹಿಂದೆ ಓಡುತ್ತಾರೆ. ಸ್ಥಿರಾಸ್ತಿ ಪತ್ರಗಳು ಇರುವುದು ಸಬ್ ರಿಜಿಸ್ಟ್ರಾರ್ ಬಳಿಯ ಒಂದನೇ ಪುಸ್ತಕದಲ್ಲಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದರೆ ಅದನ್ನೂ ಅದರ ಸೂಚಿಯನ್ನೂ ಯಾರು ಬೇಕಾದರೂ ನೋಡಬಹುದು, ನಿಮ್ಮದೇ ಜಮೀನು ಆಗಿರಬೇಕೆಂದಿಲ್ಲ. ಪತ್ರ ಕೈಗೆ ಬಂದರೆ ಮಾರಿದವನು, ಕೊಂಡವನು ಅಂತ ಎರಡು ಹೆಸರು ಓದಿ ಮಡಚಿಡಬೇಡಿ. ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹೊಲ. ಒಂದೇ ಹೊಲ ಹರಿದು ಹಂಚಿಕೊಂಡವರು ಪಕ್ಕಪಕ್ಕದಲ್ಲೇ ಇರುತ್ತಾರೆ, ಹಾಗಾಗಿ ಆ ಹೆಸರುಗಳಲ್ಲಿ ಅಣ್ಣತಮ್ಮಂದಿರು ಇರುವುದೇ ಜಾಸ್ತಿ. ಆಮೇಲೆ ಸಾಕ್ಷಿಗಳು. ನನ್ನ 1912ರ ಪತ್ರದಲ್ಲಿ ಮೂರು ಸಾಕ್ಷಿ, ಇಬ್ಬರು ಊರಿನವರು, ಒಬ್ಬ ಮಾತ್ರ ಎಂಟು ಮೈಲಿ ಆಚೆ ಊರಿನವನು. ಸಾಲದ ಪತ್ರಕ್ಕೆ ಪರ ಊರಿಂದ ನಡೆದುಕೊಂಡು ಬಂದು ಯಾರು ಸಾಕ್ಷಿ ಹಾಕುತ್ತಾರೆ ಹೇಳಿ? ಭಾಮೈದನೇ ಇರಬೇಕು ಅಂದುಕೊಂಡು ಆ ಊರಿಗೆ ಹೋದೆ.

ಊಹೆ ಸರಿ ಇತ್ತು. ಅದು ನಮ್ಮ ಆ ಹೆಬ್ಬೆಟ್ಟಿನ ತಾತನ ಹೆಂಡತಿಯ ತವರು. ನಮ್ಮ ಕಡೆ ಸೋದರಮಾವನ ಮಗಳನ್ನು ತರುವ ರೂಢಿ, ಅದೇ ಮನೆಯಿಂದ ಮೂರು ತಲೆ ಹೆಣ್ಣು ತಂದಿದ್ದಾರೆ, ನಮ್ಮ ವಂಶವೃಕ್ಷದಲ್ಲಿ ಮಾತ್ರ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಕಂದಾಯ ಇಲಾಖೆ ಕೊಡುವ ವಂಶವೃಕ್ಷವೂ ವಾರಸುದಾರಿಕೆಗೆ ಮಾಡಿದ್ದು, ಹಿಂದಿನ ಕಾಲದ ಹೆಣ್ಣುಮಕ್ಕಳನ್ನು ಅದರಲ್ಲಿ ಬಿಟ್ಟೇ ಬಿಟ್ಟಿರುತ್ತಾರೆ. ಅರ್ಧ ಜನರನ್ನು ಬಿಟ್ಟು ಹುಡುಕಿದರೆ ದಾರಿ ಮುಚ್ಚದೆ ಇನ್ನೇನಾಗುತ್ತದೆ. ಆ ಮನೆಯಲ್ಲಿ ಎಂಬತ್ತೈದು ದಾಟಿದ ಒಬ್ಬ ಅಜ್ಜಿ. ಕಣ್ಣು ಮಂಜು, ಕಿವಿ ಚೆನ್ನಾಗಿತ್ತು. ನಾನು ಊರಿನ ಹೆಸರು ಹೇಳಿದ ತಕ್ಷಣ "ನೀವು ಆ ಊರೋರಲ್ಲ ಕಣಪ್ಪ, ದಾತು ಬರದಾಗ ಊರು ಬಿಟ್ಟು ಬಂದೋರು" ಅಂದುಬಿಟ್ಟರು. ನಮ್ಮ ಊರಲ್ಲಿ ಎಲ್ಲರೂ "ನಾವು ಮೊದಲಿಂದ ಇಲ್ಲಿಯವರೇ" ಅಂತ ಎದೆ ತಟ್ಟಿ ಹೇಳುತ್ತಾರೆ!

ದಾತು ಬರ ಅಂದರೆ ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 1878. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ ಸುಮಾರು 50 ಲಕ್ಷ ಜನ ಇದ್ದರು, 1881ಕ್ಕೆ ಸುಮಾರು 42 ಲಕ್ಷ. ಅಷ್ಟು ಜನ ಇಲ್ಲವಾದರು, ಉಳಿದವರಲ್ಲಿ ಎಷ್ಟೋ ಮಂದಿ ಎಲ್ಲಿ ನೀರು ಕಂಡಿತೋ ಅಲ್ಲಿ ನಿಂತರು. ಹಳೇ ಮೈಸೂರು ಕಡೆಯ ಮನೆತನ ಆದರೆ ನಿಮ್ಮ ದಾರಿ ಮುಚ್ಚಿರುವುದೂ ಈ ವರ್ಷಗಳ ಹತ್ತಿರವೇ ಇರಬಹುದು, ಲೆಕ್ಕ ಹಾಕಿ ನೋಡಿ. 1898ರ ಪ್ಲೇಗು, 1918ರ ಇನ್ಫ್ಲುಯೆಂಜಾ ಕೂಡ ಮನೆಗಳನ್ನೇ ಖಾಲಿ ಮಾಡಿದ್ದವು.

ಸಂವತ್ಸರದ ಮಾತು ಬಂತು, ಒಂದು ಎಚ್ಚರಿಕೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅದೇ ಟ್ರಂಕಿನಲ್ಲಿ "ಈಶ್ವರ ಸಂ|| ಮಾಘ" ಅಂತ ಬರೆದ ಒಂದು ಖರ್ಚಿನ ಚೀಟಿ ಇತ್ತು. 1878ರದ್ದೇ ಸಿಕ್ಕಿತು ಅಂತ ಎಲ್ಲರಿಗೂ ಫೋಟೋ ಕಳಿಸಿದೆ. ಆಮೇಲೆ ನಮ್ಮ ಚಿಕ್ಕಪ್ಪ ಮೂರನೇ ಸಾಲು ಓದಿ ನಕ್ಕರು: "ಮೋಟರಿಗೆ 4 ಆಣೆ". ಬಸ್ ಚಾರ್ಜು. 1938ರ ಚೀಟಿ.

ಸರಿ, ಬಿಟ್ಟು ಬಂದ ಊರು ಯಾವುದು? ಅಜ್ಜಿ ಹೇಳಿದ ಹೆಸರಿನ ಊರು ಯಾವ ಮ್ಯಾಪಿನಲ್ಲೂ ಇಲ್ಲ, ಗೂಗಲ್‌ಗೆ ಗೊತ್ತೇ ಇಲ್ಲ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮಗಳ ಕಂದಾಯ ನಕ್ಷೆ ಸಿಗುತ್ತದೆ, ಹೋಬಳಿಯ ಒಂದೊಂದೇ ಊರು ಇಳಿಸಿಕೊಂಡು ನೋಡುತ್ತಾ ಹೋದೆ. ಸಿಕ್ಕಿತು. ಬೇಚರಾಕ್ ಗ್ರಾಮ. ಅಂದರೆ ಜನ ಇಲ್ಲದ ಊರು, ಸರ್ವೆ ನಂಬರ್ ಇದೆ, ಗಡಿ ಇದೆ, ಮನೆ ಒಂದೂ ಇಲ್ಲ. ನಕ್ಷೆ ನೋಡುತ್ತಾ ಇದ್ದ ಹಾಗೆ ಮೈ ಜುಮ್ ಅಂತು. ಆ ಜಾಗಕ್ಕೆ ನಾನು ಹೋಗಿದ್ದೆ! ನಮ್ಮ ಮನೆತನದ ಗಂಡುಮಕ್ಕಳಿಗೆಲ್ಲಾ ಮೊದಲ ಮುಡಿ ತೆಗೆಸುವುದು ಅಲ್ಲೇ. ಹೊಲದ ನಡುವೆ ಒಂಟಿ ಆಂಜನೇಯನ ಗುಡಿ, ಎದುರಿಗೆ ಎರಡು ಹುಣಸೆಮರ, ಸುತ್ತ ಕಡಲೆಕಾಯಿ ಹೊಲ. ಊರೇ ಇಲ್ಲದ ಕಡೆ ದೇವರು ಯಾಕೆ ಇದ್ದಾನೆ, ನಮ್ಮ ಊರಲ್ಲೇ ಆಂಜನೇಯ ಇರುವಾಗ ಟ್ರ್ಯಾಕ್ಟರ್ ಮಾಡಿಕೊಂಡು ಇಲ್ಲಿಗೇ ಯಾಕೆ ಬರುತ್ತೇವೆ ಅಂತ ನಾನೂ ಕೇಳಿರಲಿಲ್ಲ, ನಮ್ಮಪ್ಪನೂ ಕೇಳಿರಲಿಲ್ಲ.

ಹಾಗಾಗಿ ನಿಮ್ಮ ಮನೆದೇವರು ಎಲ್ಲಿದೆ ನೋಡಿ. ನಿಮ್ಮ ಊರಿನಿಂದ ದೂರ ಇದ್ದರೆ ಅದು ಬಂದ ದಾರಿಯೇ ಇರಬಹುದು. ತಿರುಪತಿ, ಧರ್ಮಸ್ಥಳದಂಥ ದೊಡ್ಡ ಕ್ಷೇತ್ರ ಆದರೆ ಇದರಿಂದ ಏನೂ ಹೇಳಕ್ಕಾಗುವುದಿಲ್ಲ. ಸಣ್ಣ ದೇವರು, ಒಕ್ಕಲು (ಆ ದೇವರಿಗೆ ನಡೆದುಕೊಳ್ಳುವ ಮನೆಗಳು) ಕಡಿಮೆ ಇರುವ ದೇವರು ಆದರೆ ಅಲ್ಲಿನ ಪೂಜಾರಿಗೆ ಯಾವ ಯಾವ ಊರಿನವರು ಒಕ್ಕಲು ಅಂತ ಬಾಯಲ್ಲೇ ಇರುತ್ತದೆ. ಆ ಊರುಗಳ ಪಟ್ಟಿಯೇ ನಿಮ್ಮ ಚದುರಿಹೋದ ದಾಯಾದಿಗಳ ಪಟ್ಟಿ ಆಗಬಹುದು.

ಹೆಳವರ ಬಗ್ಗೆ ಯಾರಾದರೂ ಹೇಳಿಯೇ ಇರುತ್ತಾರೆ. ಮನೆ ಮನೆಗೆ ಬಂದು ವಂಶ ಹೇಳಿ ಕಾಳು ಕಡಿ, ಈಗ ದುಡ್ಡು, ಪಡೆದು ಹೋಗುವವರು. ಬೆಳಗಾವಿ, ಬಾಗಲಕೋಟೆ ಕಡೆ ಜಾಸ್ತಿ, ನಮ್ಮ ಕಡೆಗೂ ಬರುತ್ತಾರೆ. ಎಲ್ಲ ಜಾತಿಯವರಿಗೂ ಹೆಳವರಿಲ್ಲ, ಇದ್ದರೆ ಮಾತ್ರ ಅದೃಷ್ಟ. ಅವರ ಪುಸ್ತಕದಲ್ಲಿ ಹತ್ತಿರದ ಐದಾರು ತಲೆಯನ್ನು ನಾನು ನಂಬುತ್ತೇನೆ, ಶಿವನ ಬೆವರಿನಿಂದ ಶುರುವಾಗುವ ಭಾಗವನ್ನು ಕೇಳಿ ಖುಷಿಪಡುತ್ತೇನೆ.

ಬೇರೆ ಕಡೆಯವರಾದರೆ ಕಥೆ ಬೇರೆ. ಧಾರವಾಡ, ಬೆಳಗಾವಿ ಕಡೆ ಹಳೇ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿ, ಕಲಬುರಗಿ, ಬೀದರ್ ಕಡೆ ಉರ್ದುವಿನಲ್ಲಿ ಇರುತ್ತದೆ, ದಾಖಲೆ ಇಲ್ಲ ಅಂದರೆ ಕೆಲವು ಸಲ "ಓದೋಕೆ ಬರಲ್ಲ" ಅಂತ ಅರ್ಥ. ಓದಿಕೊಡುವ ಹಿರಿಯರು ಇದ್ದಾರೆ, ಹುಡುಕಿ. ದಕ್ಷಿಣ ಕನ್ನಡ, ಉಡುಪಿ ಕಡೆ ಅಳಿಯಸಂತಾನದ ಮನೆತನ ಆಗಿದ್ದರೆ ಅಪ್ಪನ ಅಪ್ಪನನ್ನು ಹುಡುಕಿ ಪ್ರಯೋಜನ ಇಲ್ಲ, ಆಸ್ತಿ ಹೋಗಿರುವುದು ಅಮ್ಮನ ಕಡೆಯಿಂದ, ತಾಯಿ, ಅಜ್ಜಿ, ಅವರ ಅಣ್ಣಂದಿರು ಅಂತ ಹಿಡಿದುಕೊಂಡು ಹೋಗಬೇಕು. ಶಾಲೆಯ ದಾಖಲಾತಿ ರಿಜಿಸ್ಟರ್ ಒಳ್ಳೆಯದೇ, ಹುಟ್ಟಿದ ದಿನ ಮಾತ್ರ ನಂಬಬೇಡಿ, ಊರಿಗೆ ಊರೇ ಜೂನ್ 1ರಂದು ಹುಟ್ಟಿರುತ್ತದೆ. ಡಿಎನ್‌ಎ ಪರೀಕ್ಷೆಗೆ ದುಡ್ಡು ಹಾಕಬೇಡಿ ಅಂತ ನನ್ನ ಅಭಿಪ್ರಾಯ, ನಿಮ್ಮ ದಾಯಾದಿಗಳು ಯಾರೂ ಮಾಡಿಸಿಲ್ಲದಿದ್ದರೆ ಯಾರ ಜೊತೆ ತಾಳೆ ನೋಡ್ತೀರಿ?

ನನ್ನದು ಆ ಬೇಚರಾಕ್ ಊರಿನ ಹತ್ತಿರ ಮತ್ತೆ ನಿಂತಿದೆ. ಅಲ್ಲಿನ ಹಳೇ ಶಾನುಭೋಗರ ಮನೆಯವರು ಈಗ ಬೆಂಗಳೂರಿನಲ್ಲಿದ್ದಾರೆ, ಅಟ್ಟದ ಮೇಲೆ ಕಡತ ಇದೆ, ದಸರಾ ರಜಕ್ಕೆ ಊರಿಗೆ ಹೋದಾಗ ಇಳಿಸಿಕೊಡುತ್ತೇವೆ ಅಂದಿದ್ದಾರೆ. ಹೋದ ದಸರಾಕ್ಕೂ ಹಾಗೇ ಅಂದಿದ್ದರು. ನೀವು ನಿಮ್ಮ ತಾಲ್ಲೂಕು, ಮನೆದೇವರು ಎರಡು ಬರೆಯಿರಿ, ಸೂತಕದ ಮನೆಗಳು ಎಷ್ಟು ಅಂತಲೂ ಮನೆಯಲ್ಲಿ ಕೇಳಿಕೊಂಡು ಬನ್ನಿ. ಕೇಳುವುದು ಅಪ್ಪನನ್ನಲ್ಲ, ಮನೆಯ ಹಿರಿಯ ಹೆಂಗಸರನ್ನು.