ಮಸೀದಿ ಕಮಿಟಿ ಬಡ್ಡಿ ಇಲ್ದೆ ಸಾಲ ಕೊಡಬಹುದಾ?

ಪ್ರಶ್ನೆ: ಸರ್, ನಮ್ಮ ಮೊಹಲ್ಲಾದಲ್ಲಿ ತಳ್ಳುಗಾಡಿಯವ್ರು, ಆಟೋದವ್ರು, ಅಗರಬತ್ತಿ ಹೊಸೆಯೋ ಹೆಣ್ಮಕ್ಳು ಜಾಸ್ತಿ. ರಂಜಾನ್‌ನಲ್ಲಿ ಮಸೀದಿಯಿಂದ ರೇಷನ್ ಕಿಟ್ ಕೊಡ್ತೀವಿ, ಉಳಿದ ತಿಂಗಳೆಲ್ಲ ಇವ್ರು ಮೀಟರ್ ಬಡ್ಡಿಯವರ ಹಿಂದೆ ಓಡ್ತಾರೆ, ಬೆಳಿಗ್ಗೆ 900 ತಗೊಂಡು ಸಂಜೆ 1000 ಕಟ್ತಾರೆ. ಕಮಿಟಿಯಿಂದಾನೇ ಸಾಲ ಕೊಡೋಣ ಅಂದ್ರೆ ದುಡ್ಡು ವಾಪಸ್ ಬರಲ್ಲ ಅಂತಾರೆ ಹಿರಿಯರು. ಏನ್ ಮಾಡೋದು?
– ಓದುಗರು, ಗೌರಿಪಾಳ್ಯ, ಬೆಂಗಳೂರು

ಉತ್ತರ: ಖಂಡಿತ ಕೊಡಬಹುದು. ಪಾಕಿಸ್ತಾನದ ಲಾಹೋರ್‌ನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಡಾ. ಅಮ್ಜದ್ ಸಾಕಿಬ್ ಅವರು 2001ರಲ್ಲಿ ಬಡ್ಡಿ ಇಲ್ದೆ ಸಾಲ ಕೊಡೋ ಅಖುವತ್ ಅನ್ನೋ ಸಂಸ್ಥೆ ಶುರು ಮಾಡಿದ್ರು, ಮೊದಲನೇ ಸಾಲ ಗಂಡನನ್ನ ಕಳ್ಕೊಂಡ ಒಬ್ಬ ಹೆಣ್ಮಗಳಿಗೆ, ಅಲ್ಲಿನ 10,000 ರೂಪಾಯಿ. ಅವ್ರು ಹೊಲಿಗೆ ಮಷೀನ್ ತಗೊಂಡು ದುಡಿದು ಪೂರ್ತಿ ತೀರಿಸಿದ್ರು. ಆಮೇಲೆ ಅದು ಲಕ್ಷಾಂತರ ಮನೆಗಳಿಗೆ ಮುಟ್ಟಿತು, 2021ರಲ್ಲಿ ಸಾಕಿಬ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ವಸೂಲಾತಿ ನೂರಕ್ಕೆ 99ರ ಮೇಲಿದೆ, ನಿಮ್ಮ ಹಿರಿಯರಿಗೆ ಮೊದಲು ಇದನ್ನ ಹೇಳಿ.

ಅಡ ಇಡೋಕೆ ಏನೂ ಇಲ್ಲದವರು ಹೇಗೆ ಕಟ್ಟಿದ್ರು ಅಂದ್ರೆ, ಸಾಲ ಕೊಡೋದೇ ಮಸೀದಿಯಲ್ಲಿ, ಎಲ್ಲರ ಎದುರು. ಎಷ್ಟೋ ಸಲ ಚರ್ಚ್‌ನಲ್ಲೂ ಕೊಟ್ಟಿದ್ದಾರೆ, ಯಾವ ಧರ್ಮದವರು ಅಂತ ನೋಡಲ್ಲ. ಗುರುತಿರೋರು ಜಾಮೀನು ನಿಲ್ತಾರೆ. ಜಾಗಕ್ಕೆ ಬಾಡಿಗೆ ಇಲ್ಲ, ದೊಡ್ಡ ಆಫೀಸಿಲ್ಲ, ಸಣ್ಣ ಸಾಲದಲ್ಲಿ ಬಡ್ಡಿ ಏರೋದು ಅರ್ಧ ಈ ಖರ್ಚುಗಳಿಂದಾನೇ ತಾನೆ. ಸಾಲ ತೀರಿಸಿ ಸ್ವಲ್ಪ ಚೇತರಿಸಿಕೊಂಡೋರು ಮುಂದೆ ತಾವೇ ದೇಣಿಗೆ ಹಾಕ್ತಾರೆ, ಆ ದುಡ್ಡು ಇನ್ನೊಬ್ಬರಿಗೆ ಹೋಗುತ್ತೆ. ನಿಮ್ಮ ಮಸೀದಿಗೂ ಈ ಪರಿಚಯದ ಬಲ ಇದೆ, ಯಾರು ದುಡಿಯೋರು, ಯಾರ ಮನೇಲಿ ಕಾಯಿಲೆ, ಯಾರು ಬಾಯಿಬಿಟ್ಟು ಕೇಳಲ್ಲ ಅನ್ನೋದು ಬ್ಯಾಂಕಿನವರಿಗೆ ಗೊತ್ತಿಲ್ಲ, ಕಮಿಟಿಯವರಿಗೆ ಗೊತ್ತು.

ಒಂದು ಮಾತು ನೇರವಾಗಿ ಹೇಳ್ತೀನಿ. ನಮ್ಮ ಎಷ್ಟೋ ಮಸೀದಿಗಳಲ್ಲಿ ಹೆಣ್ಮಕ್ಳಿಗೆ ಕೂರೋಕೆ ಜಾಗಾನೇ ಇಲ್ಲ, ಆದ್ರೆ ಈ ಸಾಲ ಜಾಸ್ತಿ ಬೇಕಿರೋದು ಅವರಿಗೇ. ಅರ್ಜಿ ನೋಡೋ ಗುಂಪಲ್ಲಿ ಮೊಹಲ್ಲಾದ ಹೆಣ್ಮಕ್ಳು ಇರಲೇಬೇಕು, ಇಲ್ದಿದ್ರೆ ದುಡ್ಡೆಲ್ಲ ಗಂಡಸರ ಪರಿಚಯದಲ್ಲೇ ಸುತ್ತುತ್ತೆ.

ಪ್ರಶ್ನೆ: ಜಕಾತ್ ದುಡ್ಡನ್ನೇ ಸಾಲದ ಫಂಡ್ ಮಾಡಬಹುದಾ? ಜನರ ಉಳಿತಾಯ ಇಟ್ಕೋಬಹುದಾ?
– ಅವರದೇ ಇನ್ನೊಂದು ಪ್ರಶ್ನೆ

ಉತ್ತರ: ಜಕಾತ್ ಬೇಡ. ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ತೆಗೆದು ಕಡ್ಡಾಯವಾಗಿ ಕೊಡೋ ಆ ದಾನದ ದುಡ್ಡು ಬಡವರ ಕೈಗೆ ಅವರದೇ ಸ್ವತ್ತಾಗಿ ಸೇರ್ಬೇಕು ಅನ್ನೋದು ನಮ್ಮ ಕಡೆ ಹೆಚ್ಚಿನ ಉಲೇಮಾಗಳ, ಅಂದ್ರೆ ಧರ್ಮ ಪಂಡಿತರ ಮಾತು, ವಾಪಸ್ ಕೇಳೋ ಹಾಗಿಲ್ಲ. ಜಕಾತ್‌ನಲ್ಲಿ ತಳ್ಳುಗಾಡೀನೇ ಕೊಡಿಸಿಬಿಡಿ, ಸಾಲಕ್ಕೆ ಸದಕಾ (ಮನಸ್ಸಿದ್ದಷ್ಟು ಕೊಡೋ ದಾನ), ದೇಣಿಗೆ ಬೇರೆ ಅಕೌಂಟ್‌ನಲ್ಲಿ ಇಡಿ.

ಜನರ ಡೆಪಾಸಿಟ್ ಮಾತ್ರ ಮುಟ್ಟಬೇಡಿ. 2019ರಲ್ಲಿ ಬೆಂಗಳೂರಿನ ಐಎಂಎ ಅನ್ನೋ ಹೂಡಿಕೆ ಕಂಪನಿ ಮುಳುಗಿದಾಗ ಹಲಾಲ್ ಲಾಭ ಅಂತ ನಂಬಿ ಮಗಳ ಮದುವೆ ದುಡ್ಡು, ಒಡವೆ ಹಾಕಿದ್ದ ಎಷ್ಟು ಮನೆಗಳು ಬೀದಿಗೆ ಬಂದ್ವು, ಶಿವಾಜಿನಗರದಲ್ಲಿ ಕೇಳಿ ನೋಡಿ. ಅದೇ ವರ್ಷ ಬಂದ ಕೇಂದ್ರದ ಕಾನೂನು ಪರ್ಮಿಶನ್ ಇಲ್ದೆ ಡೆಪಾಸಿಟ್ ತಗೊಳ್ಳೋದನ್ನೇ ಅಪರಾಧ ಮಾಡಿದೆ. ಉಳಿತಾಯಾನೂ ಬೇಕು ಅಂದ್ರೆ ಸೌಹಾರ್ದ ಸಹಕಾರಿ ಅಂತ ರಿಜಿಸ್ಟರ್ ಮಾಡಿಸಿ, ಆಡಿಟ್ ಮಾಡಿಸಿ. ಸದ್ಯಕ್ಕೆ ದೇಣಿಗೆಯಲ್ಲೇ ನಾಲ್ಕೈದು ಜನಕ್ಕೆ ಕೊಟ್ಟು ಶುರು ಮಾಡಿ, ಎಷ್ಟು ಬಂತು ಎಷ್ಟು ಹೋಯ್ತು ಅನ್ನೋ ಲೆಕ್ಕ ಪ್ರತಿ ಜುಮ್ಮಾ ದಿನ ನೋಟಿಸ್ ಬೋರ್ಡಿಗೆ ಹಾಕಿ, ಸಾಲ ತಗೊಂಡವರ ಹೆಸರು ಮಾತ್ರ ಹಾಕಬೇಡಿ.